ಎಲ್ಲರ ಹವ್ಯಾಸವೂ ಪುಸ್ತಕ ಓದುವುದು

ಗೆಳೆಯರೇ, ಇವತ್ತು ತಾರ್ನಾಕದ ನಮ್ಮ ಇಂಗ್ಲಿಷ್ ಕ್ಲಾಸಿನಲ್ಲಿ ನಾನು ಗೆದ್ದೆ. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯ ಮಾಲಕಿ ಸೇಲ್ಸ್ ಕೆಲಸಕ್ಕೆ ಒಬ್ಬರನ್ನು ಆರಿಸಲು ಬಂದಿದ್ದರು. ನಮ್ಮ ಸರ್ ರಾಯಚೂರಿನವರು. ಎಲ್ಲರಿಗೂ ಒಂದೇ ಪರಿಚಯ ಬರೆಸಿದ್ದರು: ಡಿಗ್ರಿ ಮುಗಿಸಿದ್ದೇನೆ, ನನ್ನ ಹವ್ಯಾಸ ಪುಸ್ತಕ ಓದುವುದು.

“ನಾ ಇದನ್ನ ಹೇಳಂಗಿಲ್ಲರಿ ಸರ್. ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಾ,” ಎಂದೆ.

“ಇನ್, ಆನ್, ಅಟ್ ಎಲ್ಲಾ ಸರಿಯಾಗಿ ಕೂಡಿಸಿ ಕೊಟ್ಟೀನಿ. ಸುಮ್ಮನ ಹೇಳವ್ವಾ!”

ನನಗಿಂತ ಮೊದಲಿನವರೆಲ್ಲ ಅದನ್ನೇ ಒಪ್ಪಿಸಿದರು. ಮಾಲಕಿ ಇಂಗ್ಲಿಷಿನಲ್ಲಿ “ಯಾವ ಪುಸ್ತಕ?” ಎಂದು ಕೇಳಿದ ಕೂಡಲೇ ಒಬ್ಬೊಬ್ಬರೂ ಸರ್ ಮುಖ ನೋಡಿದರು.

ನನ್ನ ಸರದಿ ಬಂತು. ಶಾಲೆ ಬಿಟ್ಟಿದ್ದು, ಅವ್ವ ಬೇಗಂಪೇಟೆಯಲ್ಲಿ ಇಟ್ಟಿಗೆ ಹೊರುವುದು, ನನಗೆ ಒಂದೇ ಕಡೆ ಕೂರಲಾಗದಿರುವುದು, ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಿದೆ. ಇನ್, ಆನ್ ಅದಲುಬದಲಾದವು. ಆದರೆ ಅವರು ಏನು ಕೇಳಿದರೂ ಉತ್ತರ ಬರುತ್ತಲೇ ಇತ್ತು, ನನ್ನದೇ ಕಥೆಯಲ್ಲವೇ?

“ಸೋಮವಾರದಿಂದ ಬಾ. ನಮ್ಮ ಅಂಗಡಿಯಲ್ಲಿ ಕೂರಲು ಕುರ್ಚಿಯೇ ಇಲ್ಲ,” ಎಂದು ನಕ್ಕರು.

ಅವರು ಹೋದ ಮೇಲೆ ಸರ್ ನಾನು ಹೇಳಿದ್ದನ್ನೇ ತಿದ್ದಿ ಬೋರ್ಡಿನ ಮೇಲೆ ಬರೆದರು. ನಾಳೆಯಿಂದ ಕ್ಲಾಸಿನ ಎಲ್ಲರ ಅವ್ವಂದಿರೂ ಬೇಗಂಪೇಟೆಯಲ್ಲಿ ಇಟ್ಟಿಗೆ ಹೊರುತ್ತಾರೆ.