ಶೆಟ್ಟರ ತಗಡಿನ ಬಿಲ್ಲೆ

ಆರತಿ ಬೆಳಗುವ ಭಾಗ್ಯವನ್ನು ಈ ಕೈಗಳಿಗೆ ಕರುಣಿಸಿದ ಸ್ವಾಮಿಗೆ ಮೊದಲ ವಂದನೆ.

ಯುದ್ಧಕಾಲದಲ್ಲಿ ಚಿಲ್ಲರೆ ಮಾಯವಾದಾಗ, ಮದ್ದೂರಿನ ದಿನಸಿ ಅಂಗಡಿಯ ಶೆಟ್ಟರು ಚಿಲ್ಲರೆಗೆ ಬದಲು ತಮ್ಮ ಮುದ್ರೆಯೊತ್ತಿದ ತಗಡಿನ ಬಿಲ್ಲೆ ಕೊಡುತ್ತಿದ್ದರು. ಹೆಬ್ಬೆರಳಿನಿಂದ ಉಜ್ಜಿ, “ನಾನಿರೋ ಗಂಟ ನಡೀತದೆ, ತಕ್ಕೊಳಿ” ಎನ್ನುವರು. ನಾನು ಹೇಳಿದ ಮುಹೂರ್ತವನ್ನು ಎರಡು ಸಲ ಕೇಳುತ್ತಿದ್ದ ಜನ, ಅವರ ಬಿಲ್ಲೆಯನ್ನು ತಿರುಗಿಸಿಯೂ ನೋಡುತ್ತಿರಲಿಲ್ಲ. ಅರ್ಚಕನಾದ ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಶನಿವಾರ ಆರತಿ ತಟ್ಟೆಯ ತುಂಬ ಅವೇ ಬಿಲ್ಲೆಗಳು. ಎಲ್ಲರೆದುರು, “ಏನು ಶೆಟ್ಟರೆ, ದೇವರಿಗೂ ನಿಮ್ಮದೇ ನಾಣ್ಯವೋ?” ಎಂದು ಚುಚ್ಚಿದೆ.

ಅವರು ಬಿಲ್ಲೆಗಳನ್ನು ಆಯ್ದುಕೊಂಡು, ಅಷ್ಟೂ ಬಿಲ್ಲೆಗಳ ಬೆಲೆಗೆ ಸರ್ಕಾರಿ ರೂಪಾಯಿ ಹಾಕಿದರು.

“ತಪ್ಪಾಯ್ತು ಐನೋರೆ. ದೇವ್ರ ಮುಂದೆ ‘ನಾನಿರೋ ಗಂಟ’ ಅನ್ನಕ್ಕಾಯ್ತದಾ?”

ನಿತ್ಯ ಪೂಜಿಸುವ ನನಗೆ ಹೊಳೆಯದ ಆ ಮಾತಿಗೂ ನಾನು ಅಸೂಯೆಪಟ್ಟೆ.

ಬಿಲ್ಲೆ ಕೊಟ್ಟವರಿಗೂ, ನಂಬಿ ಪಡೆದವರಿಗೂ, ಕರುಬಿದವನಿಗೂ ಸ್ವಾಮಿ ಮಂಗಳವನ್ನುಂಟುಮಾಡಲಿ.