ಹಲಗೆಯ ಮುಂದೆ ಪಟಾಲಮ್ಮ

ಸರ್ಕಾರಿ ನೌಕರರ ಕ್ರೀಡಾಕೂಟದ ಪಟ್ಟಿಯಲ್ಲಿ, ಉದ್ದ ಜಿಗಿತದ ಕೆಳಗೆ, ತನ್ನ ಹೆಸರಿದೆ ಎಂದು ಗೊತ್ತಾದಾಗ ಪಟಾಲಮ್ಮ ಕೈಲಿದ್ದ ಕೆಲಸ ಬಿಟ್ಟು ಎದ್ದಳು. ಕೊಡಿಗೇನಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಅವಳು ಹನ್ನೊಂದು ವರ್ಷದಿಂದ ನರ್ಸ್. ಹೆಸರು ಬರೆಸಿದವಳು ಅಲ್ಲೇ ಲ್ಯಾಬ್ ನೋಡಿಕೊಳ್ಳುವ ಭುವನಾ.

"ಯಾರನ್ನ ಕೇಳಿ ಬರೆಸ್ದೆ?"

"ಕೇಳಿದ್ರೆ ಬ್ಯಾಡ ಅಂತಿದ್ದೆ ಕಣಕ್ಕ. ಸ್ಕೂಲಲ್ಲಿದ್ದಾಗ ಡಿಸ್ಟ್ರಿಕ್ಟ್ ಗಂಟ ಹೋಗಿದ್ದೆ ಅಂತ ನೀನೇ ಹೇಳಿದ್ಯಲ್ಲ."

ಹೋಗಿದ್ದು ನಿಜ. ಆಗ ಅವಳಿಗೆ ಹದಿನಾರು. ತಾಲ್ಲೂಕಿನಲ್ಲಿ ಅವಳಷ್ಟು ದೂರ ಹಾರುವ ಹುಡುಗಿ ಇರಲಿಲ್ಲ. ಜಿಲ್ಲಾ ಮೈದಾನದಲ್ಲಿ ಮೊದಲ ಜಿಗಿತಕ್ಕೆ ನಿಂತಾಗ ಡ್ರಿಲ್ ಮೇಷ್ಟ್ರು ಪಕ್ಕದಿಂದ ಕೂಗಿದ್ದರು: "ಕಾಲು ನೋಡ್ಕೊಂಡು ಓಡಮ್ಮ, ಹಲಗೆ ದಾಟ್ಬುಟ್ಟೀಯ!" ಅಲ್ಲಿಯವರೆಗೆ ಓಡುವಾಗ ತನಗೆ ಕಾಲಿದೆ ಎಂಬುದೇ ಅವಳ ನೆನಪಿನಲ್ಲಿರುತ್ತಿರಲಿಲ್ಲ. ಅವತ್ತು ನೋಡಿದಳು. ಹೆಜ್ಜೆಯ ಲೆಕ್ಕ ತಪ್ಪಿತು. ನೆಗೆಯುವ ಹಲಗೆಯ ಆಚೆ ಕಾಲಿಟ್ಟು ಫೌಲ್ ಆದಳು. ಮೂರು ಅವಕಾಶ, ಮೂರು ಸಲ ಕೆಂಪು ಬಾವುಟ. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ಆಮೇಲೆ ಎಷ್ಟೋ ವರ್ಷ, ಬೀದಿಯ ಚರಂಡಿ ದಾಟುವಾಗಲೂ ಯಾವ ಕಾಲು ಮೊದಲಿಡಲಿ ಎಂದು ಅವಳು ಒಂದು ಗಳಿಗೆ ನಿಲ್ಲುತ್ತಿದ್ದಳು.

ಗಂಡ ಭೀಮರಾಜು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕೂಟಕ್ಕೆ ಮೂರು ವಾರ ಇರುವಾಗ ಒಣಗಿದ ಕೆರೆಯಂಗಳದಲ್ಲಿ ಒಂದು ಹಲಗೆ ಹೂತು, ಮುಂದೆ ಮರಳು ಹರಡಿ, ಬೆಳಿಗ್ಗೆ ಆರಕ್ಕೆಲ್ಲ ಹೆಂಡತಿಯನ್ನು ಕರೆದೊಯ್ದ. ಪಟಾಲಮ್ಮ ಓಡಿದಳು. ಹಲಗೆ ಹತ್ತಿರವಾದಂತೆ ಕಾಲು ತಡವರಿಸಿತು. ಒಂಬತ್ತು ಸಲ ಓಡಿದ್ದಕ್ಕೆ ಐದು ಸಲ ಹಲಗೆ ದಾಟಿದಳು, ನಾಲ್ಕು ಸಲ ಹಾರದೆ ನಿಂತೇಬಿಟ್ಟಳು.

"ರೀ, ನನ್ ಕಾಲು ನನ್ ಮಾತು ಕೇಳ್ತಿಲ್ಲ."

"ಕೇಳ್ತಿರೋದೇ ತೊಂದ್ರೆ," ಎಂದ ಭೀಮರಾಜು. "ರೂಢಿ ಆಗಿರೋ ಕೆಲ್ಸನ ಮೆದುಳು ತಂತಾನೇ ಮಾಡ್ಕೊಂಡು ಹೋಗ್ತದೆ. ಮೆಟ್ಲು ಇಳಿಯೋವಾಗ ಒಂದೊಂದ್ ಹೆಜ್ಜೆನೂ ಯೋಚ್ನೆ ಮಾಡಿ ಇಡು ನೋಡಾನ, ಎಡವ್ತೀಯ. ಭಯ ಆದಾಗ ನಾವು ಅಂಗೇ ಎಲ್ಲಾನೂ ಮೇಲೆ ನಿಂತು ನೋಡಕ್ಕೆ ಹೋಗ್ತೀವಿ."

"ಅಂಗಾದ್ರೆ ಯೋಚ್ನೆ ಮಾಡ್ದಂಗೆ ಹೆಂಗೆ ಓಡೋದು?"

"ನೋಡಾನ, ಇನ್ನೊಂದ್ ಸಲ ಓಡು," ಎಂದು ಭೀಮರಾಜು ಮರಳು ಸಮ ಮಾಡಿದ. ಮಾರನೆಯ ದಿನದಿಂದ 'ಯೋಚನೆ ಮಾಡಬಾರದು' ಎಂಬುದೂ ಅವಳಿಗೆ ಒಂದು ಯೋಚನೆಯಾಯಿತು. ಸುಳ್ಳು ಜ್ವರ ಹೇಳಿ ತಪ್ಪಿಸಿಕೊಂಡರೆ ಹೇಗೆ ಎಂದು ಎರಡು ಸಲ ಎಣಿಸಿದಳು. ನರ್ಸಿಗೆ ಜ್ವರ ಬಂದರೆ ಯಾರು ತಾನೇ ಅನುಮಾನಪಡುತ್ತಾರೆ?

ಕೂಟಕ್ಕೆ ಐದು ದಿನ ಇರುವಾಗ ಹಳ್ಳಿಯೊಂದರಿಂದ ವಾಂತಿಭೇದಿಯಾಗಿ ಬಾಡಿದ ಎಂಟು ತಿಂಗಳ ಮಗುವನ್ನು ಆರೋಗ್ಯ ಕೇಂದ್ರಕ್ಕೆ ತಂದರು. ತಾಯಿ ಅಳುತ್ತಿದ್ದಳು. "ಕಣ್ಣೇ ಬುಡ್ತಿಲ್ಲ ಕಣಮ್ಮ, ಏನಾರ ಮಾಡ್ರಮ್ಮ." ಡ್ರಿಪ್ ಹಾಕಲು ಹೊಸ ನರ್ಸ್ ಎರಡು ಸಲ ಚುಚ್ಚಿದಳು, ನರ ಸಿಗಲಿಲ್ಲ. ಪಟಾಲಮ್ಮ ಮಗುವಿನ ಪುಟ್ಟ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಒಂದೇ ಸಲಕ್ಕೆ ಸೂಜಿ ಕೂತಿತು. ಸಂಜೆಯ ಹೊತ್ತಿಗೆ ಮಗು ಕಣ್ಣು ಬಿಟ್ಟು ಕಿರುಚಿತು.

"ಅಷ್ಟು ಜನ ಸುತ್ತ ನಿಂತ್ಕೊಂಡು ಅಳ್ತಿದ್ರೂ ನಿಂಗೆ ಕೈ ನಡುಗಲ್ವಾ ಅಕ್ಕ?" ಎಂದು ಭುವನಾ ಕೇಳಿದಳು.

"ಕೈ ಯಾರ್ ನೋಡ್ತಾರೆ? ನಾನು ನರ ನೋಡ್ತಿರ್ತೀನಿ," ಎಂದಳು ಪಟಾಲಮ್ಮ. ಹೇಳಿದ ಮೇಲೆ ಕೈ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸುವುದನ್ನೂ ಮರೆತು ಹಾಗೇ ನಿಂತಳು.

ಮನೆಗೆ ಬಂದು ಇದನ್ನು ಹೇಳಿದಾಗ ಭೀಮರಾಜು ಜಗಲಿಯಿಂದ ಎದ್ದೇಬಿಟ್ಟ. "ಅದೇ ಕಣೆ! ಮನಸ್ಸಿಗೆ ಖಾಲಿ ಇರು ಅಂದ್ರೆ ಇರಲ್ಲ. ಅದಕ್ಕೊಂದು ಕೆಲ್ಸ ಕೊಡ್ಬೇಕು. ಕಾಲಿಂದ ಆಚೆಗೆ."

ಮರುದಿನ ಕೆರೆಯಂಗಳದಲ್ಲಿ ಮರಳಿನಾಚೆಯ ಜಾಲಿ ಮರದ ಒಂದು ಕವಲನ್ನೇ ನೋಡುತ್ತ ಓಡಿದಳು. ಆರರಲ್ಲಿ ಐದು ಸರಿಯಾದವು. ಆದರೂ ಹೆದರಿಕೆ ಹೋಗಲಿಲ್ಲ. ಕೆರೆಯಂಗಳದಲ್ಲಿ ನೋಡುವವರು ಯಾರಿದ್ದರು? ನಾಲ್ಕು ಎಮ್ಮೆ, ಒಬ್ಬ ಗಂಡ.

ಕೂಟದ ದಿನ ಮಧುಗಿರಿಯ ಮೈದಾನದಲ್ಲಿ ಇಡೀ ತಾಲ್ಲೂಕಿನ ಕಚೇರಿಗಳೇ ನೆರೆದಿದ್ದವು. ಒಂಬತ್ತು ಜನ ಹೆಂಗಸರು, ಎಲ್ಲರಿಗೂ ಮೂರು ಅವಕಾಶ. ಹೆಸರು ಕೂಗಿದಾಗ ಪಟಾಲಮ್ಮನಿಗೆ ಕಿವಿಯಲ್ಲಿ ತನ್ನ ಎದೆಬಡಿತವೇ ಕೇಳಿತು. ಮೊದಲ ಸಲ ಎಲ್ಲಿ ನೋಡಬೇಕೆಂದೇ ತೋಚಲಿಲ್ಲ. ಜಾಲಿ ಮರ ಇಲ್ಲಿರಲಿಲ್ಲ. ಕಣ್ಣು ಹಲಗೆಗೆ ಇಳಿಯಿತು. ಕೆಂಪು ಬಾವುಟ. ಎರಡನೆಯ ಸಲ ಓಟ ಸರಿಯಾಗಿಯೇ ಇತ್ತು, ಅಷ್ಟರಲ್ಲಿ ಯಾರೋ "ಸಿಸ್ಟರ್, ಹಲಗೆ ಹುಷಾರು!" ಎಂದರು. ಮತ್ತೆ ಕೆಂಪು.

ಮೂರನೆಯದೇ ಕೊನೆಯ ಅವಕಾಶ. ಕಾಯುವಾಗ ಭುವನಾ ಕೊಟ್ಟ ನೀರನ್ನು ಪಟಾಲಮ್ಮ ಕುಡಿಯದೆ ಹಿಂದಿರುಗಿಸಿದಳು. ಹಿಂದಕ್ಕೆ ಹೋಗಿ ನಿಂತು ತಲೆಯೆತ್ತಿದಳು. ಮರಳಿನ ಗುಂಡಿಯ ನೇರಕ್ಕೆ, ಮನೆಗಳ ಮೇಲೆ, ಬೆಟ್ಟದ ಬೋಳು ಬಂಡೆ. ಅದರ ಮೇಲೆ ಮಳೆನೀರು ಇಳಿದಿಳಿದು ಆದ ಒಂದು ಕಪ್ಪು ಗೆರೆ. ಮಗುವಿನ ಕೈಯ ನರ ಹುಡುಕುವಂತೆ ಅದನ್ನು ಕಣ್ಣಲ್ಲಿ ಹಿಡಿದಳು. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಹೊಡೆದುಕೊಳ್ಳಲಿ ಎಂದುಕೊಂಡು ಓಡಿದಳು.

ಮರಳು ಮುಖಕ್ಕೆ ಸಿಡಿಯಿತು. ತಿರುಗಿ ನೋಡಲು ಧೈರ್ಯವಾಗದೆ ಕೂತಲ್ಲೇ ಕೂತಿದ್ದಳು. "ಏಳಿ ಸಿಸ್ಟರ್, ಅಳತೆ ತಗೋಬೇಕು," ಎಂದ ತೀರ್ಪುಗಾರನ ಕೈಯಲ್ಲಿ ಬಿಳಿ ಬಾವುಟವಿತ್ತು.

ಮೂರು ಮೀಟರ್ ತೊಂಬತ್ತೆರಡು. ಎರಡನೆಯ ಸ್ಥಾನ. ಮೊದಲ ಇಬ್ಬರು ಜಿಲ್ಲಾ ಕೂಟಕ್ಕೆ ತುಮಕೂರಿಗೆ ಹೋಗಬೇಕಿತ್ತು. "ನೀವು ಬರ್ತೀರಾ, ಇಲ್ಲ ಮೂರನೆಯವರನ್ನ ಬರ್ಕೊಳ್ಳಾ?" ಎಂದು ತೀರ್ಪುಗಾರ ಕೇಳಿದ. ಬೇಡವೆಂಬ ಮಾತು ಅವಳ ಬಾಯಿಯವರೆಗೆ ಬಂದಿತ್ತು.

"ಬರ್ತೀನಿ ಸಾರ್. ಭಯ ಅಂತೂ ಆಯ್ತದೆ. ಬರ್ತೀನಿ."

ತುಮಕೂರಿನಲ್ಲಿ ಅವಳು ಹನ್ನೆರಡು ಜನರಲ್ಲಿ ಐದನೆಯವಳಾದಳು. ಒಂದು ಫೌಲ್, ಎರಡು ಸರಿ. ಈಗಲೂ ಭಾನುವಾರ ಬೆಳಿಗ್ಗೆ ಕೆರೆಯಂಗಳಕ್ಕೆ ಹೋಗುತ್ತಾಳೆ. ಈಚೆಗೆ ಭುವನಾಳೂ ಜೊತೆಗೆ ಓಡುತ್ತಾಳೆ, ಭೀಮರಾಜು ಟೇಪು ಹಿಡಿಯುತ್ತಾನೆ.