ಮಡಚಿಡಲಾಗದ ಪೆಟ್ಟಿಗೆ

ಹೆಂಗಸರ ಕೈಯಿಂದ ಸೌಟು ಬಿಡಿಸುವುದರಲ್ಲಿ ಸುಧಾಳಷ್ಟು ಪಳಗಿದವರು ದಾವಣಗೆರೆ, ಹರಿಹರ ಎರಡೂ ಊರುಗಳಲ್ಲಿ ಇರಲಿಲ್ಲ. ಹದಿಮೂರು ವರ್ಷಗಳಿಂದ ಅವಳು ಹರಿಹರದ ಮಲ್ಲೇಶಪ್ಪನವರ ಸ್ಟುಡಿಯೋಗೆ ಫೋಟೋ ತಿದ್ದಿಕೊಡುತ್ತಿದ್ದಳು. ಮನೆಯ ಹಿರಿಯ ಹೆಂಗಸು ತೀರಿಕೊಂಡರೆ ಗೋಡೆಗೆ ಹಾಕಲು ಫೋಟೋ ಬೇಕು. ಹುಡುಕಿದರೆ ಅವಳದೊಂದು ಒಂಟಿ ಫೋಟೋ ಇರುವುದಿಲ್ಲ. ಯಾವುದೋ ಮದುವೆಯ ಆಲ್ಬಮ್ಮಿನಲ್ಲಿ, ಗುಂಪಿನ ಅಂಚಿನಲ್ಲಿ, ಪಾಯಸದ ಬಕೆಟ್ಟನ್ನೋ ಎಲೆ ಅಡಿಕೆಯ ತಟ್ಟೆಯನ್ನೋ ಹಿಡಿದು ಅರ್ಧ ಮುಖ ತಿರುಗಿಸಿ ನಿಂತಿರುತ್ತಾಳೆ. ಗಂಡಸರ ಫೋಟೋ ಹಾಗಲ್ಲ. ಅವರು ಕುರ್ಚಿಯ ಮೇಲೆ ಕೂತು, ಮಂಡಿಯ ಮೇಲೆ ಕೈಯಿಟ್ಟು, ನೇರವಾಗಿ ಕ್ಯಾಮೆರಾ ನೋಡುತ್ತಿರುತ್ತಾರೆ. ಸುಧಾ ಚೂಪು ಪೆನ್ಸಿಲ್ಲು, ಸಣ್ಣ ಕುಂಚ ಹಿಡಿದು ಬಕೆಟ್ಟು ತೆಗೆದು, ಸೆರಗು ಸರಿಮಾಡಿ, ಹಣೆಗೆ ಬೇಕಾದ್ದನ್ನು ಇಟ್ಟು, ಬದುಕಿದ್ದಾಗ ಒಮ್ಮೆಯೂ ಸುಮ್ಮನೆ ನಿಲ್ಲದವಳನ್ನು ಸುಮ್ಮನೆ ನಿಲ್ಲಿಸುತ್ತಿದ್ದಳು.

ಅವಳ ಸ್ವಂತ ಕೈ ಖಾಲಿ ಇರುತ್ತಿದ್ದದ್ದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ.

ಕಡರನಾಯಕನಹಳ್ಳಿಯ ಹುಡುಗಿ ಅವಳು. ಪಿಯುಸಿ ಫೇಲಾಗಿ, ಸ್ಟುಡಿಯೋದಲ್ಲಿ ರಸೀದಿ ಬರೆಯಲು ಸೇರಿ, ಮಲ್ಲೇಶಪ್ಪನವರ ಬೆನ್ನ ಹಿಂದೆ ನಿಂತು ನೋಡುತ್ತಲೇ ತಿದ್ದುವುದನ್ನು ಕಲಿತವಳು. ಲಾರಿ ಆಫೀಸಿನ ಗುಮಾಸ್ತ ತಿಮ್ಮೇಶನನ್ನು ಮದುವೆಯಾಗಿ ದಾವಣಗೆರೆಯ ಸರಸ್ವತಿ ನಗರಕ್ಕೆ ಬಂದಮೇಲೂ, ಮಗಳು ವಾಣಿ ಹುಟ್ಟಿದಮೇಲೂ ಕೆಲಸ ಬಿಡಲಿಲ್ಲ. ವಾರಕ್ಕೊಮ್ಮೆ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಕವರು ತರುತ್ತಿದ್ದಳು. ಎರಡು ಕೋಣೆಯ ಮನೆಯಲ್ಲಿ ಅವಳ ತಿದ್ದುವ ಮೇಜಿಗೆ ಜಾಗವಿರಲಿಲ್ಲ. ಅದೊಂದು ಮರದ ಚೌಕಟ್ಟು. ಯಾರಾದರೂ ಬಾಗಿಲು ತಟ್ಟಿದರೆ ಮಡಚಿ ಅತ್ತೆಯ ಮಂಚದ ಕೆಳಗೆ ತಳ್ಳಬೇಕು. ತವರಿನಿಂದ ತಂದ ಹೊಲಿಗೆ ಮಷೀನು ಅದಾಗಲೇ ಅಲ್ಲಿತ್ತು. ಮನೆಯಲ್ಲಿ ಸುಧಾಳದು ಅನ್ನುವುದೆಲ್ಲ ಮಂಚದ ಕೆಳಗೇ ಇತ್ತು.

ದಾವಣಗೆರೆ ಜಿಲ್ಲೆಯಾಗಿ ವರ್ಷ ತುಂಬುತ್ತಾ ಬಂದಿದ್ದ ಹೊತ್ತು. ಒಂದು ದಿನ ಮಲ್ಲೇಶಪ್ಪ ಕವರು ಕೊಡುತ್ತಾ ಹೇಳಿದರು: “ಸುಧಮ್ಮ, ಪೆನ್ಸಿಲ್ ಕಾಲ ಮುಗೀತು. ಪ್ರಿಂಟ್ ಹಾಕೋ ಲ್ಯಾಬಿನೋರು ಎಲ್ಲಾ ಕಂಪ್ಯೂಟರ್‌ನಾಗೇ ಮಾಡಿಸ್ಯಂಡು ಬರ್ರಿ ಅಂತಾರೆ. ನೀವು ಒಂದು ತಗಂಡ್ರೆ ಕೆಲಸ ನಿಮಗೇ. ಇಲ್ಲಾಂದ್ರೆ ದೀಪಾವಳಿ ಆದಮ್ಯಾಲೆ ನಾನು ಬ್ಯಾರೆ ಕಡೆ ಕೊಡಬೇಕಾಗ್ತೈತೆ. ಬ್ಯಾಸರ ಮಾಡ್ಕಬ್ಯಾಡ್ರಿ.”

ಸುಧಾ ಬೇಸರ ಮಾಡಿಕೊಳ್ಳಲಿಲ್ಲ. ಪಿ.ಬಿ. ರಸ್ತೆಯ ಕಂಪ್ಯೂಟರ್ ಕ್ಲಾಸಿಗೆ ಮೂರು ತಿಂಗಳು ಹೋದಳು, ಎರಡರಿಂದ ನಾಲ್ಕು. ಅವಳು ಕೂಡಿಟ್ಟ ಹಣ ಒಂದು ಕಂಪ್ಯೂಟರಿಗೆ ಸಾಕಾಗುತ್ತಿತ್ತು. ಆರಿಸುವಾಗ ತಪ್ಪಿದರೆ ಇನ್ನೊಂದಕ್ಕೆ ಸಾಕಾಗುತ್ತಿರಲಿಲ್ಲ.

ಬಸವಕಿರಣನ ಅಂಗಡಿ ತಿಮ್ಮೇಶನ ಆಫೀಸಿನ ಬೀದಿಯಲ್ಲೇ ಇತ್ತು. ಆತ ಬಿಡಿಭಾಗ ತರಿಸಿ ಜೋಡಿಸಿ ಮಾರುವವನು. ಸುಧಾಳ ಹಣಕ್ಕೆ ಎರಡು ವಸ್ತು ತೋರಿಸಿದ. ಒಂದು, ತಾನೇ ಜೋಡಿಸಿದ ಕಂಪ್ಯೂಟರು: ತಗಡಿನ ಡಬ್ಬಿ, ಟಿವಿಯಂತೆ ಹಿಂದಕ್ಕೆ ಉಬ್ಬಿದ ಗಾಜಿನ ಮಾನಿಟರು, ವೈರುಗಳ ಗೋಜಲು. ಇನ್ನೊಂದು, ಮುಂಬೈಯಿಂದ ಬಂದ ಹಳೇ ಲ್ಯಾಪ್‌ಟಾಪು. ಕಪ್ಪಗೆ, ಪಂಚಾಂಗದ ಕಟ್ಟಿನಷ್ಟು ದಪ್ಪ. ತೆರೆದರೆ ಪರದೆ, ಮುಚ್ಚಿದರೆ ಪೆಟ್ಟಿಗೆ.

“ಫೋಟೋ ಕೆಲಸಕ್ಕೆ ರ್‍ಯಾಮ್ ಮುಖ್ಯ ಮೇಡಂ,” ಎಂದ ಬಸವಕಿರಣ್. “ಜೋಡಿಸಿದ್ರಾಗೆ ಅರವತ್ನಾಕು ಎಂಬಿ ಐತೆ. ಲ್ಯಾಪ್‌ಟಾಪಿನಾಗೆ ಅರ್ಧ. ರ್‍ಯಾಮ್ ಅಂದ್ರೆ...”

“ಅಡುಗೆ ಕಟ್ಟೆ,” ಎಂದಳು ಸುಧಾ. “ಡಿಸ್ಕ್ ಅಂದ್ರೆ ಅಟ್ಟ. ಅಟ್ಟದಾಗೆ ಎಷ್ಟು ಮೂಟೆ ಇದ್ರೇನು, ಕಟ್ಟೆ ಸಣ್ಣದಾದ್ರೆ ರೊಟ್ಟಿ ಬಡಿಯಾದೆಲ್ಲಿ?”

ಬಸವಕಿರಣ್ ನಕ್ಕ. “ಇಷ್ಟ್ ದಿನ ಗಿರಾಕಿಗಳಿಗೆ ಹೆಂಗೆ ಹೇಳಾದು ಅಂತ ತಲೆ ಕೆಡಿಸ್ಕಂತಿದ್ದೆ. ಇನ್ನ ಹಿಂಗೇ ಹೇಳ್ತೀನಿ.”

ಆದರೆ ತಿಮ್ಮೇಶನ ಕಣ್ಣು ಲ್ಯಾಪ್‌ಟಾಪು ಬಿಟ್ಟು ಕದಲಲಿಲ್ಲ. ಅದನ್ನು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. “ಸುಧಾ, ಇದಕ್ಕೆ ಟೇಬಲ್ಲೇ ಬ್ಯಾಡ. ಮನ್ಯಾಗೆ ಜಾಗ ತಿನ್ನಂಗಿಲ್ಲ. ಒಲೆ ಮುಂದೆ ಇಟ್ಕಂಡು ಮಾಡಬಹುದು. ಯಾರಾರೂ ಬಂದ್ರೆ ಟಪ್ ಅಂತ ಮಡಚಿ ಇಟ್ರಾತು.” ಅವನ ದನಿಯಲ್ಲಿ ಕಪಟವಿರಲಿಲ್ಲ. ಹೆಂಡತಿಗೆ ಅನುಕೂಲವಾಗಲಿ ಎಂದೇ ಹೇಳುತ್ತಿದ್ದ.

“ಭಾನುವಾರ ಮನೀಗೆ ಒಯ್ದು ಮಾಡಿ ನೋಡ್ರಿ,” ಎಂದ ಬಸವಕಿರಣ್. “ಮಂಗಳವಾರ ಹೇಳ್ರಿ.”

ಆ ವಾರದ ಕವರಿನಲ್ಲಿದ್ದದ್ದು ಸರ್ವಮಂಗಳಮ್ಮ. ಶಾಮನೂರಿನ ವಾಮದೇವಪ್ಪನವರ ಹೆಂಡತಿ, ತೀರಿಕೊಂಡು ನಾಲ್ಕು ದಿನವಾಗಿತ್ತು. ಶುಕ್ರವಾರ ಹನ್ನೊಂದನೇ ದಿನದ ಶಿವಗಣಾರಾಧನೆ, ಅಷ್ಟರೊಳಗೆ ಹೂವು ಹಾಕಲು ಫೋಟೋ ಬೇಕು. ಮನೆಯಲ್ಲೆಲ್ಲ ಹುಡುಕಿ, ಕೊನೆಗೆ ಸಿಕ್ಕಿದ್ದು ಇಪ್ಪತ್ತು ವರ್ಷದ ಹಿಂದೆ ಮಲ್ಲೇಶಪ್ಪನವರೇ ತೆಗೆದ, ಆಕೆಯ ಮಗನ ಮದುವೆಯ ಚಿತ್ರ. ಅದರಲ್ಲಿ ಆಕೆ ಕಂಬದ ಪಕ್ಕ, ಕೈಯಲ್ಲಿ ತಟ್ಟೆ, ಮುಖದ ಮೇಲೆ ನೆರಳು. ಬೆವರಿಗೆ ಹಣೆಯ ವಿಭೂತಿ ಅಳಿಸಿಹೋಗಿತ್ತು. ಬಸವಕಿರಣ್ ಚಿತ್ರವನ್ನು ಸ್ಕ್ಯಾನ್ ಮಾಡಿ ಫ್ಲಾಪಿಗೆ ಹಾಕಿಕೊಟ್ಟ.

ಭಾನುವಾರ ಸುಧಾ ಲ್ಯಾಪ್‌ಟಾಪನ್ನು ಅಡುಗೆ ಕಟ್ಟೆಯ ತುದಿಗೆ ಇಟ್ಟುಕೊಂಡಳು. ಮೊದಲು ತಟ್ಟೆ ತೆಗೆದಳು. ಹಾಲು ಉಕ್ಕಿತು, ಇಳಿಸಿದಳು. ಮುಖದ ನೆರಳು ತಿಳಿ ಮಾಡಿದಳು. ಬೇಳೆ ಬೆಂದಿದೆಯೇ ನೋಡಿ ಬಂದಳು. ಮುಖ ಇನ್ನೂ ಕಪ್ಪೆನಿಸಿತು, ಇನ್ನಷ್ಟು ತಿಳಿ ಮಾಡಿದಳು. ಎದುರು ಮನೆಯ ಕಮಲಕ್ಕ ಹೆಪ್ಪು ಕೇಳಿಕೊಂಡು ಬಂದಳು. ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ನೆಲಕ್ಕೆ ಕೂತಳು. ತಿಮ್ಮೇಶ ಅಂಗಿಯ ಗುಂಡಿ ಹಿಡಿದು ಬಂದ. ಮತ್ತೆ ಕಟ್ಟೆಗೆ. ಹಣೆಗೆ ಮೂರೆಳೆ ವಿಭೂತಿ ಎಳೆದಳು, ನಡುವೆ ಕುಂಕುಮ ಇಟ್ಟಳು.

ಅತ್ತೆ ಮೈಲಮ್ಮ ಹೊಸಿಲ ಬಳಿ ನೆಲದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವಳು ಕತ್ತೆತ್ತಿದಳು. “ಯಾಕವ್ವ ಸುಧಾ, ಆಯಮ್ಮನ ಮುಖಕ್ಕೆ ಮಸಿ ಬಳದಂಗೈತೆ?”

“ನಿಮ್ಮ ಕಣ್ಣಿಗೆ ಪೊರೆ ಬಂದೈತೆ ಅತ್ತೆ,” ಎಂದಳು ಸುಧಾ. ಆದರೂ ಅನುಮಾನವಾಗಿ ಮುಖವನ್ನು ಇನ್ನೊಂದು ಸುತ್ತು ತಿಳಿ ಮಾಡಿದಳು.

ತಿಮ್ಮೇಶ ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಾ ಸಂತೋಷಪಟ್ಟ. “ನೋಡಿದ್ಯಾ? ಸಾರೂ ಆತು, ಫೋಟೋನೂ ಆತು.”

ಸೋಮವಾರ ಬೆಳಗ್ಗೆ ಫ್ಲಾಪಿಯನ್ನು ಬಸವಕಿರಣನ ಅಂಗಡಿಯ ಕೆಲಸದ ಹುಡುಗಿಯ ಕೈಗೆ ಕೊಟ್ಟು ಪ್ರಿಂಟ್ ಹಾಕಿಸಿ, ರಟ್ಟಿನ ನಡುವೆ ಇಟ್ಟುಕೊಂಡು, ಬಸ್ಸು ಹೊರಡುವ ಆತುರದಲ್ಲಿ ಬಿಚ್ಚಿಯೂ ನೋಡದೆ ಹರಿಹರಕ್ಕೆ ಹೋದಳು. ಸ್ಟುಡಿಯೋದ ಬೆಂಚಿನ ಮೇಲೆ ವಾಮದೇವಪ್ಪನವರೇ ಕೂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು. ಮಲ್ಲೇಶಪ್ಪ ರಟ್ಟು ಬಿಡಿಸಿ ನೋಡಿದರು. ಚಿತ್ರವನ್ನು ಮುದುಕರ ಕೈಗೆ ಕೊಟ್ಟರು.

ಸುಣ್ಣ ಬಳಿದಂಥ ಮುಖ. ಕುಂಕುಮದ ಬೊಟ್ಟು ಮಾತ್ರ ಕೆಂಪಗೆ ಉಳಿದಿತ್ತು. ಬಿಳಿ ಹಣೆಯಲ್ಲಿ ಬಿಳಿ ವಿಭೂತಿ ಇದ್ದ ಗುರುತೇ ಇರಲಿಲ್ಲ.

ವಾಮದೇವಪ್ಪ ಹೆಬ್ಬೆರಳಿನಿಂದ ಆ ಹಣೆಯನ್ನು ಸವರಿದರು, ಪುಡಿ ಏನಾದರೂ ಕೈಗೆ ಹತ್ತೀತು ಎಂಬಂತೆ. “ತಂಗಿ,” ಎಂದರು ಮೆಲ್ಲಗೆ, “ಇವಳು ಬರೇ ಹಣೇಲಿ ಒಂದು ದಿನಾನೂ ಒಲೆ ಹಚ್ಚಿದೋಳಲ್ಲ.”

ಅವರು ಬೈದಿದ್ದರೆ ಚೆನ್ನಾಗಿತ್ತು. ಸುಧಾ ತಲೆ ತಗ್ಗಿಸಿದಳು. “ಇನ್ನೊಂದ್ಸಲ ಮಾಡ್ಕಂಡು ಬರ್ತೀನ್ರಿ ಅಪ್ಪಾರೆ.”

“ಗುರುವಾರದೊಳಗೆ ಬೇಕು ಸುಧಮ್ಮ,” ಎಂದರು ಮಲ್ಲೇಶಪ್ಪ. ಅವಳ ಜೊತೆ ಬಾಗಿಲವರೆಗೆ ಬಂದು ದನಿ ತಗ್ಗಿಸಿದರು. “ಇದೊಂದು ಕೆಟ್ರೆ ನನ್ನ ಕೈಯಾಗೂ ಏನೂ ಇಲ್ಲ ನೋಡ್ರಿ.”

ಮನೆಗೆ ಬಂದವಳು ಚಪ್ಪಲಿ ಬಿಟ್ಟಿದ್ದೇ ಲ್ಯಾಪ್‌ಟಾಪು ತೆರೆದು ಕಟ್ಟೆಯ ಮೇಲಿಟ್ಟಳು. ಚಿತ್ರ ಸರಿಯಾಗಿಯೇ ಇತ್ತು! ಗೋಧಿ ಬಣ್ಣದ ಮುಖ, ಮೂರೆಳೆ ಸ್ಪಷ್ಟ. ಪ್ರಿಂಟಿನದೇ ತಪ್ಪು ಎಂದುಕೊಂಡು, ಎದುರಿನ ಗೋಡೆಗೊರಗಿ ನೆಲಕ್ಕೆ ಕೂತಳು. ಕೂತು ನೋಡಿದರೆ ಸರ್ವಮಂಗಳಮ್ಮನ ಮುಖ ಮಸಿಯಾಗಿತ್ತು. ವಿಭೂತಿಯ ಗೆರೆಗಳು ಎಲ್ಲೋ ಹೂತುಹೋಗಿದ್ದವು. ಎದ್ದು ನಿಂತಳು: ಗೋಧಿ ಬಣ್ಣ. ಅರ್ಧ ಬಗ್ಗಿ ಪರದೆಗೆ ನೇರವಾಗಿ ಮುಖವಿಟ್ಟಳು: ಸುಣ್ಣ.

“ನಾನು ನಿನ್ನೇನೇ ಹೇಳ್ಲಿಲ್ವಾ?” ಎಂದಳು ಮೈಲಮ್ಮ ಹೊಸಿಲಿಂದ. “ಪೊರೆ ಅಂದೆ.”

“ತಪ್ಪಾತು ಅತ್ತೆ.” ಸುಧಾ ಮತ್ತೆ ಕೂತಳು, ಎದ್ದಳು, ಬಗ್ಗಿದಳು. ಒಂದೇ ಚಿತ್ರಕ್ಕೆ ಮೂರು ಮುಖ. ಆ ಪರದೆ ನೇರ ಕೂತು ನೋಡುವವರಿಗೆ ಮಾಡಿದ್ದು. ತಾನು ನಿನ್ನೆ ಹಾಲಿಗೆ, ಬೇಳೆಗೆ, ಹೆಪ್ಪಿಗೆ, ಗುಂಡಿಗೆ ಎಂದು ಎಂಟು ಸಲ ಎದ್ದು ಎಂಟು ಎತ್ತರದಿಂದ ನೋಡಿ, ಕಪ್ಪೆನಿಸಿದಾಗಲೆಲ್ಲ ಆ ಮುಖಕ್ಕೆ ಇಷ್ಟಿಷ್ಟೇ ಸುಣ್ಣ ಬಳಿದಿದ್ದಳು.

ಸಂಜೆ ತಿಮ್ಮೇಶ ಬಂದಾಗ ಅವನನ್ನೂ ಕೂರಿಸಿ, ನಿಲ್ಲಿಸಿ ತೋರಿಸಿದಳು. ಅವನು ಬೆರಗಾದ. ಆಮೇಲೆ ಹೇಳಿದ: “ಹಂಗಾರೆ ಒಂದೇ ಕಡೆ ನೆಟ್ಟಗೆ ಕುಂತು ಮಾಡಬೇಕಿತ್ತು.”

“ಕೂರಾಕೆ ಬಿಟ್ರಾ? ಗುಂಡಿ ಯಾರದು?”

ತಿಮ್ಮೇಶ ಅಂಗಿಯ ಎದೆಯ ಮೇಲೆ ಕೈಯಿಟ್ಟುಕೊಂಡ. “ಹೋಗ್ಲಿ, ಈಗೇನಂತೀ?”

“ಗಾಜಿನ ಮಾನಿಟರ್‌ದು ತಗಳಾನ. ಅದು ನಿಂತ್ರೂ ಒಂದೇ, ಕುಂತ್ರೂ ಒಂದೇ. ಒಂದು ಟೇಬಲ್ಲೂ ಬೇಕು.”

“ಟೇಬಲ್ ಎಲ್ಲಿ ಇಡ್ತೀ? ನನ್ನ ತಲೆ ಮ್ಯಾಲಾ?”

ಮೈಲಮ್ಮ ಬಾಯಿ ಹಾಕಿದಳು. “ನನ್ನ ಮಂಚ ತೆಗದುಬಿಡ್ರಿ. ನಾನೇನು, ಚಾಪೆ ಹಾಸ್ಕಂಡು ಎಲ್ಲಿ ಬೇಕಾರೂ ಬಿದ್ದಿರ್ತೀನಿ.”

ಸುಧಾ ಅತ್ತೆಯ ಕಡೆ ತಿರುಗಿದಳು. ಮೊಣಕಾಲು ಹಿಡಿದುಕೊಂಡೇ ಏಳುವ ಹೆಂಗಸು. ಈ ಮನೆಯಲ್ಲಿ ಯಾರಿಗೆ ಏನು ಬೇಕೆಂದರೂ ಮೊದಲು ತನ್ನದನ್ನು ಬಿಡಲು ಮುಂದಾಗುವವಳು. ಅವಳಿಗೆ ಅದೊಂದೇ ಗೊತ್ತಿದ್ದದ್ದು. “ಬ್ಯಾಡ ಅತ್ತೆ. ನಿಮ್ಮ ಮಂಚ ಅಲ್ಲೇ ಇರ್ಲಿ.” ಹೊಲಿಗೆ ಮಷೀನಿನ ಡಬ್ಬಿಯಿಂದ ಟೇಪು ತೆಗೆದು ಮುಂದಿನ ಕೋಣೆಗೆ ಹೋದಳು. ಕಿಟಕಿಯ ಕೆಳಗೆ ತಿಮ್ಮೇಶ ಕಂತಿನಲ್ಲಿ ತಂದ ಸೋಫಾ ಇತ್ತು. ಅಳೆದಳು. “ಇದು ಹೋದ್ರೆ ಸರೀಗೆ ಆಗ್ತೈತೆ.”

“ಬಂದೋರು ಎಲ್ಲಿ ಕೂಡ್ತಾರೆ?”

“ತಿಂಗಳಿಗೆ ನಾಕು ಜನ ಬರ್ತಾರೆ. ನಾಕು ಜನ ಕುಂದ್ರಾಕೆ ದಿನಾ ಜಾಗ ಐತೆ. ದಿನಾ ಮನ್ಯಾಗಿರೋ ನನಗೆ ಕುಂದ್ರಾಕೆ ಜಾಗ ಇಲ್ಲ. ಇದು ಯಾವ ಲೆಕ್ಕ, ನೀವೇ ಹೇಳ್ರಿ.”

ತಿಮ್ಮೇಶ ಹಿಂದೆಯೇ ಬಂದು ಸೋಫಾದ ಮೇಲೆ ಕೂತಿದ್ದ. ಅವನು ಒಳ್ಳೆಯವನು, ಇಂಥ ಪ್ರಶ್ನೆ ಅವನನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ಎದ್ದು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡ.

ಮರುದಿನ ಸುಧಾ ಲ್ಯಾಪ್‌ಟಾಪು ವಾಪಸು ಕೊಟ್ಟು, ಬಸವಕಿರಣನ ಅಂಗಡಿಯ ಮೂಲೆಯಲ್ಲಿ ಗಾಜಿನ ಮಾನಿಟರಿನ ಮುಂದೆ ಕೂತಳು. ಮೊದಲಿನಿಂದ ಶುರು ಮಾಡಿದಳು. ಹನ್ನೊಂದರಿಂದ ಮೂರರವರೆಗೆ ಎದ್ದೇಳಲಿಲ್ಲ. ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಬಾಣಂತನದ ನಂತರ ಇದೇ ಮೊದಲು. ಕಾಲು ಜೋಮು ಹಿಡಿಯಿತು. ಆ ಜೋಮು ಕೂಡ ಅವಳಿಗೆ ಹೊಸದಾಗಿತ್ತು. ಮನೆಯಲ್ಲಿ ಅವತ್ತು ಮಧ್ಯಾಹ್ನಕ್ಕೆ ತಿಮ್ಮೇಶ ತಂದ ಮಂಡಕ್ಕಿ, ಮಿರ್ಚಿ. ಮಗಳು ವಾಣಿ ಶಾಲೆಯಿಂದ ಬಂದು ಹಬ್ಬವೆಂದು ಕುಣಿದಳು.

ಗುರುವಾರ ವಾಮದೇವಪ್ಪ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಮೂರೆಳೆ ಎದ್ದು ಕಾಣುತ್ತಿತ್ತು. ಮತ್ತೆ ಹೆಬ್ಬೆರಳಿನಿಂದ ಹಣೆ ಸವರಿದರು. ಆಮೇಲೆ ಅವರ ಬೆರಳು ಕೆಳಗಿಳಿದು ಒಂದರ ಮೇಲೊಂದು ಇಟ್ಟ ಕೈಗಳ ಮೇಲೆ ನಿಂತಿತು.

“ಇಲ್ಲೊಂದು ತಟ್ಟೆ ಇತ್ತಲ್ಲ?”

“ತೆಗದೀನ್ರಿ. ಬೇಕಿತ್ತಾ?”

ಮುದುಕರು ಹೆಗಲ ಟವಲು ತೆಗೆದರು. “ಬ್ಯಾಡ. ನಲವತ್ತಾರು ವರ್ಷದಾಗೆ ನಾನು ಒಂದಿನ ತೆಗೀಲಿಲ್ಲ. ನೀನಾರೂ ತೆಗದ್ಯಲ್ಲ, ಬಿಡು.” ಟವಲಿನಲ್ಲಿ ಚಿತ್ರವನ್ನು ಸುತ್ತಿಕೊಂಡು, ಎಲ್ಲೂ ಮುರಿಯದಂತೆ ಎದೆಗವಚಿಕೊಂಡು ಹೊರಟರು.

ಮಲ್ಲೇಶಪ್ಪ ಡ್ರಾ ಎಳೆದು ಮೂರು ಕವರು ತೆಗೆದು ಸುಧಾಳ ಮುಂದಿಟ್ಟರು.

ದೀಪಾವಳಿಗೆ ನಾಲ್ಕು ದಿನ ಮುಂಚೆ ಮಾನಿಟರು ಆಟೋದಲ್ಲಿ ಬಂತು. ಸೋಫಾ ಲಾರಿ ಆಫೀಸಿನ ಗೆಳೆಯನ ಮನೆ ಸೇರಿತ್ತು. ತಿಮ್ಮೇಶ ಮಾನಿಟರನ್ನು ಮಗುವಿನಂತೆ ಅಪ್ಪಿಕೊಂಡು ಒಳತಂದು, ಕಿಟಕಿಯ ಕೆಳಗಿನ ಟೇಬಲ್ಲಿನ ಮೇಲಿಟ್ಟು, ಸೊಂಟ ಹಿಡಿದುಕೊಂಡ. “ಏನ್ ಭಾರ ಐತೆ ಮಾರಾಯ್ತಿ! ನೋಡು, ಇದು ಮಡಚಾಕೆ ಬರಂಗಿಲ್ಲ.”

“ಅದಕ್ಕೇ ತಂದಿದ್ದು,” ಎಂದಳು ಸುಧಾ.

ಮುಂದಿನ ಭಾನುವಾರ ಕಮಲಕ್ಕ ಬಟ್ಟಲು ಹಿಡಿದು ಬಂದಳು. ಸೋಫಾ ಇದ್ದ ಜಾಗವನ್ನೂ ಸುಧಾಳ ಬೆನ್ನನ್ನೂ ನೋಡಿ ಬಾಗಿಲಲ್ಲೇ ನಿಂತಳು. “ಏನವ್ವ, ಆಫೀಸು ಮಾಡ್ಕಂಡೀಯೇನು? ಒಂಚೂರು ಹೆಪ್ಪು ಬೇಕಿತ್ತು.”

“ಒಳಗೆ ಅವರದಾರೆ ಕಮಲಕ್ಕ, ಕೇಳು.”

“ತಿಮ್ಮೇಶಪ್ಪನ್ನ? ಹೆಪ್ಪು?” ಕಮಲಕ್ಕ ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದಳು.

ಅಡುಗೆ ಕೋಣೆಯಲ್ಲಿ ಡಬ್ಬಿಗಳು ಸದ್ದು ಮಾಡಿದವು. ಏನೋ ಬಿತ್ತು. “ಸುಧಾ, ಹೆಪ್ಪು ಎಲ್ಲಿ ಇಟ್ಟೀ?”

ಸುಧಾ ಏಳುವುದಕ್ಕೆಂದು ಅರ್ಧ ಎದ್ದಿದ್ದಳು. ಪರದೆಯ ಮೇಲೆ ಹೊಸ ಕವರಿನ ಹೆಂಗಸೊಬ್ಬಳು ಎರಡು ಕೈಯಲ್ಲೂ ಅನ್ನದ ಬುಟ್ಟಿ ಹಿಡಿದು ಅವಳನ್ನೇ ನೋಡುತ್ತಿದ್ದಳು. ಅರ್ಧ ಎದ್ದರೂ ಆ ಮುಖದ ಬಣ್ಣ ಬದಲಾಗಿರಲಿಲ್ಲ. ಸುಧಾ ಮತ್ತೆ ಕೂತಳು.

“ಗೂಡಿನಾಗೆ, ಎಡಗಡೆ ಸಣ್ಣ ಕುಡಿಕೆ,” ಎಂದು ಕೂಗಿ ಹೇಳಿ, ಬುಟ್ಟಿಯ ಅಂಚಿನಿಂದ ತಿದ್ದಲು ಶುರುಮಾಡಿದಳು.